ಮಗುವನ್ನು ಬೋರಲು ಹಾಕಿದ ದಿನ

ನಮ್ಮ ಮಕ್ಕಳ ಐಸಿಯುವಿನಲ್ಲಿ ಆ ಕೆಲಸಕ್ಕೆ ‘ಹೋಳಿಗೆ’ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಾನಂತೂ ಅಲ್ಲ. ಹಲವು ವರ್ಷ ನರ್ಸ್ ಆಗಿ ದುಡಿದ ಮೇಲೆ ಕೆಲಸದ ಜಾಗದಲ್ಲಿ ತಮಾಷೆ ಮಾಡುವ ಉಮೇದು ನನ್ನಲ್ಲಿ ಉಳಿದಿರಲಿಲ್ಲ. ಆದರೆ ಹೆಸರು ಒಪ್ಪುವಂಥದ್ದೇ. ಶ್ವಾಸಕೋಶ ತೀರಾ ಕೆಟ್ಟು, ವೆಂಟಿಲೇಟರಿನ ಒತ್ತಡ ಎಷ್ಟು ಏರಿಸಿದರೂ ರಕ್ತಕ್ಕೆ ಆಮ್ಲಜನಕ ಸಾಲದೆ ಹೋದಾಗ ಮಗುವನ್ನು ಬೋರಲು ಮಲಗಿಸುತ್ತಾರೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಐದು ಜನ ಬೇಕು. ಮಗುವಿನ ಕೆಳಗೆ ಒಂದು ಚಾದರ ಇರುತ್ತದೆ, ಮೇಲೊಂದು ಹೊದಿಸುತ್ತೇವೆ, ಎರಡರ ಅಂಚನ್ನೂ ಕೂಡಿಸಿ ಎರಡು ಬದಿಯಿಂದಲೂ ಮೈಗೆ ಬಿಗಿಯಾಗುವವರೆಗೆ ಸುರುಳಿ ಸುತ್ತುತ್ತೇವೆ. ಮಗು ನಡುವೆ ಹೂರಣದ ಹಾಗೆ ಕದಲದೆ ಕೂತಿರುತ್ತದೆ. ಆಮೇಲೆ ಹಾಸಿಗೆಯ ಅಂಚಿಗೆ ಸರಿಸಿ, ಒಂದು ಮಗ್ಗುಲಿಗೆ ತಿರುಗಿಸಿ, ಮಗುಚಿ ಹಾಕುತ್ತೇವೆ.

ಏಕೆ ಹಾಗೆ ಮಲಗಿಸಬೇಕು ಎಂಬುದಕ್ಕೆ ಡಾಕ್ಟರುಗಳು ಚಿತ್ರ ಬರೆದು ತೋರಿಸುತ್ತಾರೆ. ನಾನು ತಿಳಿದುಕೊಂಡದ್ದು ಇಷ್ಟು: ಅಂಗಾತ ಮಲಗಿದಾಗ ಹೃದಯದ ಭಾರ, ಹೊಟ್ಟೆಯ ಭಾರ ಎಲ್ಲವೂ ಬೆನ್ನ ಕಡೆಯ ಶ್ವಾಸಕೋಶದ ಮೇಲೆ ಬೀಳುತ್ತದೆ. ಕಾಯಿಲೆಯಲ್ಲಿ ಆ ಭಾಗ ನೀರು ತುಂಬಿ ಮುದುಡಿರುತ್ತದೆ. ಬೋರಲು ಹಾಕಿದರೆ ಭಾರ ಎದೆಯ ಕಡೆಗೆ ಇಳಿದು ಬೆನ್ನ ಕಡೆಯದು ಬಿಚ್ಚಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಬಿಚ್ಚಿಕೊಳ್ಳುತ್ತದೆ, ಕೆಲವು ಮಕ್ಕಳಲ್ಲಿ ಇಲ್ಲ. ಯಾವ ಮಗುವಿನಲ್ಲಿ ಎಂದು ಮೊದಲೇ ಹೇಳಬಲ್ಲ ಡಾಕ್ಟರನ್ನು ನಾನಿನ್ನೂ ನೋಡಿಲ್ಲ. ಎಳೆಗೂಸು ಮೊದಲ ಸಲ ತಾನಾಗಿ ಮಗುಚಿಕೊಂಡರೆ ಮನೆಗಳಲ್ಲಿ ಸಿಹಿ ಮಾಡುತ್ತಾರೆ. ನಮ್ಮಲ್ಲಿ ಮಗುಚಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಮಾನಿಟರ್ ನೋಡುತ್ತೇವೆ.

ಆಸ್ಪತ್ರೆ ಇದ್ದದ್ದು ಪೀಣ್ಯದಲ್ಲಿ, ತುಮಕೂರು ರಸ್ತೆಯಿಂದ ಒಳಕ್ಕೆ. ಒಂದು ಪಕ್ಕ ಪೌಡರ್ ಕೋಟಿಂಗ್ ಶೆಡ್ಡು, ಇನ್ನೊಂದು ಪಕ್ಕ ಬೇಕರಿ, ಹಿಂದೆ ಪ್ರೆಸ್ ಮಷಿನ್ನುಗಳ ಸಾಲು. ಐಸಿಯು ಮೇಲಿನ ಮಹಡಿಯಲ್ಲಿದ್ದರೂ ಪ್ರೆಸ್ಸಿನ ಏಟು ನೆಲದಲ್ಲಿ ಸಣ್ಣಗೆ ತಿಳಿಯುತ್ತಿತ್ತು. ಹೊಸದಾಗಿ ಸೇರಿದವರಷ್ಟೇ ಅದನ್ನು ಗಮನಿಸುತ್ತಿದ್ದರು. ನಾನು ಬೆಳೆದದ್ದೂ ಅಲ್ಲಿಗೆ ಹತ್ತಿರದಲ್ಲೇ, ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮರದ ನೆರಳು, ಸದ್ದಿಲ್ಲದ ಬೀದಿ, ಸೈರನ್ನಿಗೆ ಸರಿಯಾಗಿ ಊಟ. ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಅತ್ತರೆ ಅಪ್ಪ ಪೇಪರ್ ಕೆಳಗಿಳಿಸಿ ಒಮ್ಮೆ ನೋಡುತ್ತಿದ್ದರು, ಅಳು ಅಲ್ಲಿಗೇ ನಿಲ್ಲುತ್ತಿತ್ತು. ಅಳುವವರ ಹತ್ತಿರ ನಿಲ್ಲಲು ನನಗೆ ಇವತ್ತಿಗೂ ಬರುವುದಿಲ್ಲ. ಜೂನಿಯರ್ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಗ್ರಾನೈಟ್’ ಅನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ.

ಆ ಮಗುವಿಗೆ ನಾಲ್ಕು ತುಂಬಿರಲಿಲ್ಲ. ಹೆಣ್ಣು ಮಗು. ಅಪ್ಪ ಅಮ್ಮ ಯಾದಗಿರಿ ಕಡೆಯವರು. ಅಪ್ಪ ಪ್ರೆಸ್ ಶಾಪಿನಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸದಲ್ಲಿ. ಇದ್ದದ್ದು ಶೀಟು ಹೊದಿಸಿದ ಬಾಡಿಗೆ ರೂಮಿನಲ್ಲಿ. ಅಂಥ ರೂಮುಗಳ ಇಡೀ ಸಾಲಿನ ಒಡತಿ ಅಲ್ಲಿನ ಹಳೆ ಊರಿನ ಒಕ್ಕಲು ಮನೆಯ ಹೆಂಗಸು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆಯವರಿದ್ದರು. ಮಗುವಿಗೆ ಜ್ವರ ಕೆಮ್ಮು ಬಂದಾಗ ಮೆಡಿಕಲ್ ಶಾಪಿನ ಸಿರಪ್ ಕುಡಿಸಿದ್ದರು. ಉಸಿರಿಗೆ ಪಕ್ಕೆ ಒಳಕ್ಕೆ ಸೆಳೆಯತೊಡಗಿದಾಗ ಆ ಒಡತಿಯೇ ತಾಯಿ ಮಗುವನ್ನು ಆಟೋ ಹತ್ತಿಸಿ ನಮ್ಮಲ್ಲಿಗೆ ಕರೆತಂದಳು.

ಬಂದಾಗ ತುಟಿ ನೇರಳೆಯಾಗಿತ್ತು. ಬಾಯಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಸೇರಿಸಿದೆವು. ಮಗು ಯಂತ್ರದ ಜೊತೆ ಗುದ್ದಾಡಬಾರದೆಂದು ನಿದ್ದೆಯ ಮದ್ದು, ಮೈ ಸಡಿಲಗೊಳಿಸುವ ಮದ್ದು ಎರಡೂ ಹರಿಯುತ್ತಿದ್ದವು. ಅಂದರೆ ಮಗು ಕಣ್ಣು ಬಿಡುವುದಿಲ್ಲ, ಕೆಮ್ಮುವುದಿಲ್ಲ, ಬೆರಳೂ ಅಲ್ಲಾಡಿಸುವುದಿಲ್ಲ. ಇದನ್ನು ತಾಯಿಗೆ ಹೇಳಿದ್ದೆವು. ಆಕೆ ತಲೆಯಾಡಿಸಿದ್ದಳು. ಐಸಿಯು ಬಾಗಿಲಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ.

ಮರುದಿನ ಬೆಳಿಗ್ಗೆಯ ಎಕ್ಸ್‌ರೇಯಲ್ಲಿ ಎದೆಯ ಎರಡೂ ಕಡೆ ಬೆಳ್ಳಗಿತ್ತು. ಗಾಳಿ ಇದ್ದರೆ ಅಲ್ಲಿ ಕಪ್ಪು ಕಾಣಬೇಕು. ಡಾಕ್ಟರು ಇನ್ನೂ ಹರೆಯದವರು, ಮಾತು ಕಡಿಮೆ. ಚಿತ್ರವನ್ನು ಒಂದು ಸಲ ನೋಡಿ, ಬೋರಲು ಹಾಕೋಣ ಎಂದರು. ಹೊರಗೆ ಹೋಗಿ ತಾಯಿಗೆ, ಮಗುವಿನ ಪೊಸಿಷನ್ ಚೇಂಜ್ ಮಾಡ್ತೀವಿ, ರಿಸ್ಕ್ ಇದೆ, ಆದರೂ ಮಾಡಲೇಬೇಕು ಎಂದು ತಿಳಿಸಿ ಬಂದರು. ಆಕೆ ಅದಕ್ಕೂ ತಲೆಯಾಡಿಸಿದಳಂತೆ. ಒಡತಿ ಆ ಹೊತ್ತಿಗೆ ಮನೆಗೆ ಹೋಗಿದ್ದಳು, ಅಪ್ಪ ರಜೆ ಸಿಗದೆ ಕೆಲಸಕ್ಕೆ ಹೋಗಿದ್ದ. ಹಾಗಾಗಿ ಹೊರಗಿನ ಬೆಂಚಿನ ಮೇಲೆ ಆಕೆ ಒಬ್ಬಳೇ.

ನಾವು ತಯಾರಿ ಮಾಡಿದೆವು. ಹೊಟ್ಟೆಯಲ್ಲಿದ್ದ ಹಾಲನ್ನು ಹೊರತೆಗೆದದ್ದಾಯಿತು. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ತೆರೆಯದಂತೆ ಪ್ಲಾಸ್ಟರ್ ಅಂಟಿಸಿದೆವು. ಎದೆಯ ಮೇಲಿನ ವೈರುಗಳನ್ನು ಬಿಡಿಸಿದೆವು, ಮಗುಚಿದ ಮೇಲೆ ಅವು ಬೆನ್ನಿಗೆ ಹೋಗಬೇಕು. ಡಾಕ್ಟರು ತಲೆಯ ಕಡೆ ಬಾಗಿ ನಿಂತು ಟ್ಯೂಬನ್ನೂ ದವಡೆಯನ್ನೂ ಒಟ್ಟಿಗೆ ಹಿಡಿದುಕೊಂಡರು. ಆ ಟ್ಯೂಬ್ ಒಂದು ಬೆರಳಿನಗಲ ಜಾರಿದರೂ ನಮ್ಮ ಕಥೆ ಮುಗಿಯಿತು. ಎರಡು ಕಡೆ ಇಬ್ಬಿಬ್ಬರು ನಿಂತು ಬಿಳಿ ಚಾದರದ ಅಂಚು ಸುತ್ತಿದೆವು, ಹಿಮ್ಮಡಿಯಿಂದ ಭುಜದವರೆಗೆ. ಸುತ್ತಿ ಮುಗಿದಾಗ ಮಗುವಿನ ಮೈಯಲ್ಲಿ ಹೊರಗೆ ಕಾಣುವಂತಿದ್ದದ್ದು ತಲೆ ಮಾತ್ರ, ಅದಕ್ಕೆ ಡಾಕ್ಟರು ಅಡ್ಡ ನಿಂತಿದ್ದರು. ಡಾಕ್ಟರು ಎಣಿಸಿದರು, ನಾವು ಮಗುಚಿದೆವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಐಸಿಯು ಬಾಗಿಲಿನಲ್ಲಿ ಒಂದು ಚೌಕ ಗಾಜು ಇತ್ತು. ಆ ಬೆಡ್ಡಿನ ಪರದೆ ಮೂರು ಕಡೆ ಬರುತ್ತಿತ್ತು. ಕಾಲಿನ ಕಡೆ ವೆಂಟಿಲೇಟರ್, ಪಂಪುಗಳ ಕಂಬ, ಟ್ರಾಲಿ ಎಲ್ಲ ನಿಂತ ಮೇಲೆ ಎಳೆಯಲು ಬರುತ್ತಿರಲಿಲ್ಲ. ಗಾಜಿನಿಂದ ನೋಡಿದರೆ ಆ ಸಂದಿಯಲ್ಲಿ ಬೆಡ್ಡಿನ ಕಾಲ ಕಡೆ ಕಾಣುತ್ತಿತ್ತು. ನಾವು ದಿನವೂ ಆ ಬಾಗಿಲಲ್ಲಿ ಓಡಾಡಿದವರೇ, ಗಾಜಿನ ಹೊರಗೆ ನಿಂತು ಒಳಗೆ ನೋಡಿದವರು ಯಾರೂ ಇರಲಿಲ್ಲ.

ಮಗುಚಿದ ಮೇಲೆ ಮೊದಲು ಆಮ್ಲಜನಕದ ಅಂಕಿ ಕುಸಿಯಿತು. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ಸುರುಳಿ ಬಟ್ಟೆ ಇಟ್ಟು ಹೊಟ್ಟೆ ಹಾಸಿಗೆಗೆ ಒತ್ತದ ಹಾಗೆ ಮಾಡಿದೆ. ಒಂದು ಕೈ ಮೇಲಕ್ಕೆ, ಒಂದು ಕೈ ಕೆಳಕ್ಕೆ, ಈಜುವವರ ಹಾಗೆ. ಮುಖ ಗೋಡೆಯ ಕಡೆಗೆ. ಆಮೇಲೆ ಅಂಕಿ ಏರತೊಡಗಿತು. ಏರಿ ಅಲ್ಲೇ ನಿಂತಿತು. ಹಿಂದಿನ ದಿನದಿಂದ ನಾವು ಕಾಣದ ಅಂಕಿ ಅದು. ಡಾಕ್ಟರು ಆಮ್ಲಜನಕದ ಗುಂಡಿಯನ್ನು ಒಂದಿಷ್ಟು ಕೆಳಗಿಳಿಸಿದರು, ಕಾದರು, ಮತ್ತೆ ಇಳಿಸಿದರು. ‘ಬೇಕರಿಯಿಂದ ಏನಾದ್ರೂ ತರಿಸಿ ಸಿಸ್ಟರ್’ ಎಂದರು. ಅವರ ಬಾಯಲ್ಲಿ ಅದು ಕುಣಿದಾಡಿದ್ದಕ್ಕೆ ಸಮ. ನಾವೆಲ್ಲ ಪ್ಯಾಂಟ್ರಿಯಲ್ಲಿ ನಿಂತುಕೊಂಡೇ ಬೆಣ್ಣೆ ಬನ್ನು ತಿಂದೆವು. ನನಗೂ ಖುಷಿಯಾಗಿತ್ತು. ತಾಯಿಗೆ ಹೇಳೋಣವೆಂದು ಬಾಗಿಲು ತೆರೆದರೆ ಬೆಂಚು ಖಾಲಿ. ಊಟಕ್ಕೆ ಹೋಗಿರಬೇಕು, ಸದ್ಯ ಹೊಟ್ಟೆಗೇನಾದರೂ ಹಾಕಿಕೊಳ್ಳಲಿ ಎಂದುಕೊಂಡೆ.

ಮಧ್ಯಾಹ್ನ ಕಳೆದ ಮೇಲೆ ಬಾಗಿಲು ಬಡಿದವಳು ಮನೆ ಒಡತಿ. ಕೈಯಲ್ಲೊಂದು ಬಟ್ಟೆ ಅಂಗಡಿಯ ಕವರು, ಬಾಳೆಲೆಯಲ್ಲಿ ಕಟ್ಟಿದ ಹೂವು. ದೇವಸ್ಥಾನದಿಂದ ಬಂದಿದ್ದಾಳೆ, ಪ್ರಸಾದ ಇಡಲು ಕೇಳುತ್ತಾಳೆ ಅಂದುಕೊಂಡು, ಒಳಗೆ ಹೂವು ತರುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.

ಆಕೆ ನನ್ನನ್ನು ನೋಡಿದಳು. ‘ಮಗೀನ ಕೊಟ್ಬುಡಿ ಕಣಮ್ಮ. ನಾವು ತಕ್ಕಂಡೋಯ್ತೀವಿ’ ಎಂದಳು.

ಇಂಥ ಮಾತು ನಮಗೆ ಹೊಸದಲ್ಲ. ಖರ್ಚಿಗೆ ಹೆದರಿ, ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇವೆಂದು, ಊರಿನ ದೇವರ ಹತ್ತಿರ ಹಾಕುತ್ತೇವೆಂದು ಮಗುವನ್ನು ಕೇಳುವವರಿದ್ದಾರೆ. ನಾನು ನನ್ನ ಎಂದಿನ ಪಾಠ ಒಪ್ಪಿಸಿದೆ. ಈ ಸ್ಥಿತಿಯಲ್ಲಿ ಕರೆದುಕೊಂಡು ಹೋಗಲು ಆಗುವುದಿಲ್ಲ, ಯಂತ್ರದಿಂದ ಬಿಡಿಸಿದರೆ ಮಗು ಗೇಟು ದಾಟುವುದಿಲ್ಲ ಎಂದೆ. ಆಕೆಯ ಮುಖ ಕೆಂಪಾಯಿತು.

‘ಇನ್ನೇನ್ ದಾಟೋದು? ಓದ್ ಮಗೀನ ಮಡಿಕ್ಕಂಡು ಏನ್ ಮಾಡ್ತೀರಿ? ಬಿಳೀ ಬಟ್ಟೇಲಿ ಸುತ್ತಿ ಕಟ್ಟಿದ್ದ ಅವ್ರವ್ವ ಕಣ್ಣಾರೆ ನೋಡವ್ಳೆ.’

ಆ ಕವರಿನಲ್ಲಿದ್ದದ್ದು ಹೊಸ ಫ್ರಾಕು ಎಂದು ನನಗೆ ಆಗ ಅರ್ಥವಾಯಿತು. ಮಣ್ಣಿಗೆ ಇಡುವಾಗ ಹಾಕಲು ತಂದದ್ದು. ತಾಯಿ ಗಾಜಿನಿಂದ ನೋಡಿದ್ದಾಳೆ. ಐದು ಜನ ಸೇರಿ ತನ್ನ ಮಗಳನ್ನು ಕಾಲಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತುತ್ತಿರುವುದನ್ನು ನೋಡಿದ್ದಾಳೆ. ನೋಡಿ, ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ಇಳಿದು ಹೋಗಿ ಕೆಳಗೆ ಔಷಧಿ ಕೌಂಟರಿನ ಪಕ್ಕ ಮೆಟ್ಟಿಲ ಕೆಳಗೆ ಕೂತಿದ್ದಾಳೆ. ಅಲ್ಲಿಂದಲೇ ಒಡತಿಗೂ ಊರಿನಲ್ಲಿದ್ದ ತನ್ನ ತಾಯಿಗೂ ಫೋನ್ ಮಾಡಿ, ಕೂಸು ಹೋಯಿತು ಎಂದು ಹೇಳಿದ್ದಾಳೆ. ನಾವು ಮೇಲೆ ಬನ್ನು ತಿನ್ನುತ್ತಿದ್ದ ಹೊತ್ತಿನಲ್ಲಿ ಆಕೆ ಅಲ್ಲಿ ಹೆಣಕ್ಕಾಗಿ ಕಾಯುತ್ತಿದ್ದಳು. ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು ಬಂತು ನನಗೆ. ಗಾಜಿನ ಮೇಲೆ, ಚಾದರದ ಮೇಲೆ, ಕೇಳದೆ ಇಳಿದು ಹೋದ ಆ ಹೆಂಗಸಿನ ಮೇಲೂ.

ಮಗು ಬದುಕಿದೆ ಎಂದು ಹೇಳಿದರೆ ಒಡತಿ ನಂಬಲಿಲ್ಲ. ಡಾಕ್ಟರು ಬಂದು ಹೇಳಿದರು. ಬೋರಲು ಮಲಗಿಸಿದ್ದೇವೆ, ಅದರಿಂದಲೇ ಸುಧಾರಿಸುತ್ತಿದೆ ಎಂದರು. ಆ ಮಾತು ಇನ್ನೂ ಕೆಡಿಸಿತು. ಉಸಿರಾಡಲು ಆಗದ ಮಗುವನ್ನು ಯಾರಾದರೂ ಮೂಗು ಬಾಯಿ ಕೆಳಗೆ ಮಾಡಿ ಮಲಗಿಸುತ್ತಾರೆಯೇ ಎಂದು ಆಕೆ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬೋರಲು ಮಲಗಬೇಡ ಎಂದು ಬೈಸಿಕೊಂಡೇ ಬೆಳೆದವಳು ನಾನೂ. ಎಳೆಗೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹಾಕುವುದಿಲ್ಲವೇ ಎಂದೆ. ನೀರು ಹಾಕಿದ ಮೇಲೆ ಎತ್ತಿಕೊಳ್ಳುತ್ತೇವೆ, ಹಾಗೇ ಬಿಡುವುದಿಲ್ಲ ಎಂದಳು. ಸತ್ತ ಮೇಲೂ ಮಷಿನ್ ಹಾಕಿ ಬಿಲ್ಲು ಏರಿಸುತ್ತಾರೆಂದು ಊರೆಲ್ಲ ಹೇಳುತ್ತದೆ, ಈಗಲೇ ಕೊಡದಿದ್ದರೆ ಜನ ಕರೆಸುತ್ತೇನೆ ಎಂದೂ ಸೇರಿಸಿದಳು. ಕರೆಸುವ ಶಕ್ತಿ ಆಕೆಗಿತ್ತು. ಆ ಬೀದಿಯ ಅರ್ಧ ಆಕೆಯ ಬಾಡಿಗೆದಾರರೇ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಈಗ ಮುಖ ತೋರಿಸಲೆಂದು ಮಗುವನ್ನು ಅಂಗಾತ ಮಾಡಿದರೆ ಬಿಚ್ಚಿಕೊಂಡದ್ದೆಲ್ಲ ಮತ್ತೆ ಮುದುಡುತ್ತದೆ, ಇನ್ನೊಮ್ಮೆ ಏರುತ್ತದೆಂಬ ಖಾತ್ರಿ ಇಲ್ಲ ಎಂದರು. ಇವರು ಒಪ್ಪದೆ ಮಗುವನ್ನು ಎತ್ತಿಕೊಂಡು ಹೋದರೆ ಯಂತ್ರ ಬಿಡಿಸಿದ ಕೆಲವು ನಿಮಿಷಗಳಲ್ಲೇ ಎಲ್ಲ ಮುಗಿಯುತ್ತದೆ. ಆಗ ತಾಯಿ ನೋಡಿದ್ದೇ ನಿಜವಾಗುತ್ತದೆ. ನಾವು ಮಗುವನ್ನು ಬದುಕಿಸುವುದು ಆಮೇಲಿನ ಮಾತು, ಅದು ಬದುಕಿದೆ ಎಂದು ತಾಯಿಯನ್ನು ನಂಬಿಸುವುದು ಮೊದಲಿನ ಕೆಲಸ ಎಂಬಲ್ಲಿಗೆ ಬಂದು ನಿಂತಿತ್ತು.

ನಾನು ಕೆಳಗಿಳಿದು ಹೋದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು. ಚಿಕ್ಕ ಹೆಂಗಸು, ಇಪ್ಪತ್ತೈದು ಆಗಿರಲಿಕ್ಕಿಲ್ಲ. ಅಳುತ್ತಿರಲಿಲ್ಲ. ‘ಎದ್ದು ಬನ್ನಿ, ಮಗು ನೋಡೋರಂತೆ. ಬದುಕಿದೆ’ ಎಂದೆ. ಆಕೆ ನನ್ನ ಮಾತು ಕೇಳಿಸದವಳ ಹಾಗೆ ಎದ್ದಳು. ಹೆಣ ಒಪ್ಪಿಸಲು ಕರೆಯುತ್ತಿದ್ದೇನೆ ಎಂದುಕೊಂಡಿದ್ದಳೆಂದು ಆಮೇಲೆ ಹೇಳಿದಳು. ಗೌನು ಹಾಕಿಸಿ, ಕೈ ತೊಳೆಸಿ ಒಳಗೆ ಕರೆದೊಯ್ದೆ. ಒಡತಿ ಬಾಗಿಲಲ್ಲಿ ಗಾಜಿಗೆ ಮುಖ ಒತ್ತಿ ನಿಂತಳು.

ಅಲ್ಲಿ ತಾಯಿಗೆ ಕಂಡದ್ದಾದರೂ ಏನು? ಬೆನ್ನು, ಬೆನ್ನ ತುಂಬ ವೈರು, ಗೋಡೆ ಕಡೆ ತಿರುಗಿದ ತಲೆಯ ಹಿಂಭಾಗ. ಬೆನ್ನು ಏರಿ ಇಳಿಯುತ್ತಿತ್ತು. ನಾನು ಅದನ್ನು ತೋರಿಸಿದೆ.

‘ಅದು ಮಷಿನ್ನು ಅಲ್ಲೇನ್ರಿ?’ ಎಂದಳು.

ಹೌದು, ಮಷಿನ್ನೇ. ಸುಳ್ಳು ಹೇಳಲು ಬರುವಂತಿರಲಿಲ್ಲ. ಮಾನಿಟರಿನಲ್ಲಿ ಓಡುವ ಗೆರೆ ತೋರಿಸಿದೆ, ಅದನ್ನು ಆಕೆ ಟೀವಿ ನೋಡುವ ಹಾಗೆ ನೋಡಿದಳು. ಮಾರಿ ತೋರಿಸಿ ಎಂದಳು, ಆಕೆಗೆ ಮುಖ ನೋಡಬೇಕಿತ್ತು. ತಲೆಯನ್ನು ಆಗಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಬೇಕು, ಇಲ್ಲದಿದ್ದರೆ ಕೆನ್ನೆಯ ಚರ್ಮ ಒಡೆಯುತ್ತದೆ. ಅದರ ಹೊತ್ತು ಹತ್ತಿರವಾಗಿತ್ತು. ಡಾಕ್ಟರು ಟ್ಯೂಬ್ ಹಿಡಿದರು, ನಾವು ತಲೆ ತಿರುಗಿಸಿದೆವು. ನಾನು ಯೋಚಿಸಬೇಕಿತ್ತು. ಬೋರಲು ಮಲಗಿದ ಮಗುವಿನ ಮುಖ ನೀರು ತುಂಬಿ ಊದುತ್ತದೆ. ತುಟಿ ಎರಡರಷ್ಟಾಗಿತ್ತು, ಕಣ್ಣಿನ ಮೇಲೆ ಪ್ಲಾಸ್ಟರು, ಕೆನ್ನೆಯಲ್ಲಿ ಬಟ್ಟೆಯ ನೆರಿಗೆಯ ಗುರುತು. ತಾಯಿ ಒಂದು ಸಲ ನೋಡಿ ಕಣ್ಣು ತಿರುಗಿಸಿದಳು.

ಮಗುವನ್ನು ತಿರುಗಿಸಿದಾಗಲೆಲ್ಲ ರಕ್ತ ಕಾಲಿನವರೆಗೆ ಹರಿಯುತ್ತಿದೆಯೇ ಎಂದು ನೋಡುವುದು ಅಭ್ಯಾಸ. ನಾನು ಕಾಲ ಕಡೆ ಹೋಗಿ ಚಾದರ ಸರಿಸಿ ಹೆಬ್ಬೆರಳನ್ನು ಒತ್ತಿ ಬಿಟ್ಟೆ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾಯಿತು. ಸರಿ ಇದೆ ಎಂದು ಚಾದರ ಎಳೆಯಲು ಹೋದರೆ ಆಕೆ ನನ್ನ ಕೈ ಹಿಡಿದಳು.

‘ಇನ್ನೊಮ್ಮಿ ಒತ್ರಿ.’

ಒತ್ತಿದೆ. ಬಿಳಿಯಾಯಿತು, ಕೆಂಪಾಯಿತು. ಆಕೆ ಬಾಗಿ ತಾನೇ ಒತ್ತಿದಳು. ಒಂದು ಬೆರಳು, ಇನ್ನೊಂದು ಬೆರಳು, ಆ ಕಾಲು, ಈ ಕಾಲು. ಊದಿದ ಮುಖದ ಹಾಗಲ್ಲದೆ ಪಾದ ಮೊದಲಿದ್ದ ಹಾಗೇ ಇತ್ತು. ಉಗುರಿಗೆ ಹಚ್ಚಿದ್ದ ಬಣ್ಣ ಅರ್ಧ ಉದುರಿತ್ತು. ಒತ್ತಿದಲ್ಲೆಲ್ಲ ರಕ್ತ ಮರಳಿ ಬರುತ್ತಿತ್ತು. ಕೊನೆಗೆ ಎರಡು ಪಾದವನ್ನೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು.

‘ಸತ್ತವ್ರದು ಹಿಂಗ ಆಗಂಗಿಲ್ರಿ. ನಮ್ಮಪ್ಪನ ಕಾಲು ನಾನ ತೊಳದೀನಿ’ ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಐಸಿಯು ನೆಲದ ಮೇಲೆ ಕೂರಬಾರದು. ನಾನು ಏಳಿ ಎನ್ನಲಿಲ್ಲ.

ಹೊರಗೆ ಹೋಗಿ ಒಡತಿಗೆ ಆಕೆಯೇ ಹೇಳಿದಳು. ಒಡತಿ ಹೂವನ್ನು ಬಾಳೆಲೆ ಸಮೇತ ನನ್ನ ಕೈಗೆ ತುರುಕಿ, ಯಾವುದಾದರೂ ದೇವರ ಪಟಕ್ಕೆ ಹಾಕಿ ಎಂದಳು. ಫ್ರಾಕನ್ನು ಮಾತ್ರ ವಾಪಸ್ ಮಾಡಲು ಅಂಗಡಿಗೆ ಹೋದಳಂತೆ, ಒಗೆದು ಇಟ್ಟುಕೊಳ್ಳಿ ಎಂದರೂ ಅದನ್ನು ಮನೆಯೊಳಗೆ ತರಲು ಒಪ್ಪಲಿಲ್ಲ. ಸಂಜೆ ಅಪ್ಪ ಬಂದ. ಅವನಿಗೆ ಸತ್ತ ಸುದ್ದಿ, ಬದುಕಿದ ಸುದ್ದಿ ಎರಡೂ ಒಟ್ಟಿಗೆ ಸಿಕ್ಕಿದ್ದವು. ಅವನು ಮಗಳ ಪಾದ ನೋಡಿ, ಹೊರಗೆ ಹೋಗಿ ಬೆಂಚಿನ ಮೇಲೆ ಮಲಗಿ ನಿದ್ದೆ ಮಾಡಿದ.

ಇಷ್ಟಕ್ಕೆ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿಯದೆ ಉಳಿದದ್ದು ಊರಿನಲ್ಲಿ. ತಾಯಿ ಆ ಸಂಜೆಯೇ ತನ್ನ ಅವ್ವನಿಗೆ ಮತ್ತೆ ಫೋನ್ ಮಾಡಿ, ಕೂಸು ಬದುಕಿದೆ, ನಾನು ತಪ್ಪು ತಿಳಿದಿದ್ದೆ ಎಂದಳು. ಆ ಮುದುಕಿ ಅದನ್ನು ಕೇಳಿದ್ದು ಹೇಗೆ? ಮಧ್ಯಾಹ್ನ ಸತ್ತಿತು ಎಂದ ಮಗಳು ಸಂಜೆಗೆ ಬದುಕಿತು ಎನ್ನುತ್ತಾಳೆ, ಒತ್ತಿದರೆ ಕಾಲು ಕೆಂಪಗಾಗುತ್ತದೆ ಎನ್ನುತ್ತಾಳೆ. ಮಗಳಿಗೆ ಬುದ್ಧಿ ಕೆಟ್ಟಿದೆ ಎಂದು ಆಕೆ ತೀರ್ಮಾನಿಸಿದಳು. ವೀಡಿಯೋ ಕಾಲ್ ಮಾಡೋಣವೆಂದರೆ ಆಕೆಯ ಹತ್ತಿರ ಇದ್ದದ್ದು ಬಟನ್ ಫೋನು. ಪಕ್ಕದ ಮನೆಯ ಫೋನಿಗೆ ಒಂದು ಫೋಟೋ ಕಳಿಸಬಹುದಿತ್ತು. ಊದಿದ ಮುಖವನ್ನು ಮತ್ತೆ ಮತ್ತೆ ನೋಡಿದ ತಾಯಿ ಬೇಡವೆಂದಳು. ಇದನ್ನು ಕಳಿಸಿದರೆ ಈಗ ಅರ್ಧ ನಂಬದವರು ಪೂರ್ತಿ ನಂಬುವುದಿಲ್ಲ ಎಂದಳು.

ಆಮೇಲಿನ ದಿನಗಳಲ್ಲಿ ನಮ್ಮ ಕೆಲಸ ಒಂದೇ ಲಯಕ್ಕೆ ಬಿತ್ತು. ದಿನದ ಬಹುಪಾಲು ಬೋರಲು, ಒಂದಿಷ್ಟು ಹೊತ್ತು ಅಂಗಾತ, ಮತ್ತೆ ಬೋರಲು. ಮೊದಮೊದಲು ಅಂಗಾತ ಮಾಡಿದಾಗಲೆಲ್ಲ ಅಂಕಿ ಕುಸಿಯುತ್ತಿತ್ತು, ಬರಬರುತ್ತಾ ಕುಸಿಯುವುದು ಕಡಿಮೆಯಾಯಿತು. ಪ್ರತಿ ಸಲ ಚಾದರ ಸುತ್ತುವ ಮೊದಲು ನಾನು ಬಾಗಿಲು ತೆರೆದು ತಾಯಿಗೆ ಈಗ ಸುತ್ತುತ್ತೇವೆ ಎಂದು ಹೇಳುತ್ತಿದ್ದೆ, ಸುತ್ತಿ ಬಿಚ್ಚಿದ ಮೇಲೆ ಆಯಿತು ಎಂದು ಹೇಳುತ್ತಿದ್ದೆ. ಗಾಜಿಗೆ ಪೇಪರ್ ಅಂಟಿಸೋಣವೆಂದು ಮೇಲಿನವರು ಸೂಚಿಸಿದರು. ನಾನು ಬೇಡವೆಂದೆ. ಆಕೆ ಬೇಕೆಂದಾಗ ನೋಡಲಿ.

ಆ ದಿನಗಳಲ್ಲಿ ಆಕೆ ನನ್ನ ಜೊತೆ ಒಂದೆರಡು ಮಾತಾಡುತ್ತಿದ್ದಳು. ಊರಿನ ಫೋನಿನ ವಿಷಯ ಹೇಳುವಾಗ ಆಕೆಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಅವ್ವ ಯಾವುದಕ್ಕೂ ಇಲ್ಲ ಅನ್ನುವುದಿಲ್ಲವಂತೆ. ಮಗು ಇವತ್ತು ಚೆನ್ನಾಗಿದೆ ಎಂದರೆ, ಹೌದವಾ, ಚಲೋ ಆತವಾ, ನೀ ಒಂದೀಟು ಉಣ್ಣು ಅನ್ನುತ್ತಾಳಂತೆ. ಉಸಿರು ಸುಧಾರಿಸಿದೆ ಎಂದರೆ, ದೇವರು ದೊಡ್ಡವನವಾ, ನಿದ್ದಿ ಮಾಡು ಅನ್ನುತ್ತಾಳಂತೆ. ದನಿ ಎತ್ತದೆ, ಮೆಲ್ಲಗೆ, ಹಟ ಹಿಡಿದ ಮಗುವನ್ನು ರಮಿಸುವವರ ಹಾಗೆ. ಊರಿನಲ್ಲಿ ನಂಟರು ಬಂದು ಅತ್ತು ಹೋಗಿದ್ದಾರೆ. ಅವರಲ್ಲೊಬ್ಬರು ಫೋನಿನಲ್ಲಿ ಈಕೆಯ ಗಂಡನಿಗೆ, ಹೆಂಡತಿಯನ್ನು ಒಬ್ಬಳನ್ನೇ ಬಿಡಬೇಡ, ಆಕೆಯ ಮಾತಿಗೆ ಎದುರಾಡಬೇಡ ಎಂದು ಬುದ್ಧಿ ಹೇಳಿದ್ದಾರೆ. ಗಂಡ ಬದುಕಿದೆ ಎಂದು ಹೇಳಿದ್ದನ್ನೂ ಅವರು ಅದೇ ಲೆಕ್ಕಕ್ಕೆ ಹಾಕಿಕೊಂಡಿದ್ದರು. ನಾನು ಫೋನು ಇಸಿದುಕೊಂಡು ಒಂದು ಸಲ ಮುದುಕಿಗೆ ಹೇಳಿ ನೋಡಿದೆ. ‘ಹೌದ್ರಿ ಅಕ್ಕಾರ. ನನ್ನ ಮಗಳ್ನ ಚಂದಾಗಿ ನೋಡ್ಕೋರಿ’ ಎಂದಳು. ಎಷ್ಟು ಮರ್ಯಾದೆಯಿಂದ ಹೇಳಿದಳೆಂದರೆ ನಾನು ಮುಂದೆ ಮಾತಾಡದೆ ಫೋನು ಕೊಟ್ಟುಬಿಟ್ಟೆ.

ಬೋರಲು ಹಾಕುವುದನ್ನು ನಿಲ್ಲಿಸಿದ ಮೇಲೂ ಮಗು ಯಂತ್ರದ ಮೇಲಿತ್ತು. ಮದ್ದು ಇಳಿಸುತ್ತಾ ಬಂದೆವು. ಮುಖದ ಊತ ಇಳಿದು ಒಳಗಿನಿಂದ ಚೂಪು ಗಲ್ಲದ, ಸಿಡುಕು ಹುಬ್ಬಿನ ಹುಡುಗಿಯೊಬ್ಬಳು ಹೊರಬಂದಳು. ಕಣ್ಣು ಬಿಟ್ಟ ಮೊದಲ ದಿನವೇ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಟ್ಯೂಬ್ ತೆಗೆದ ಮೇಲೆ ಗಂಟಲಿನಲ್ಲಿ ದನಿಯೇ ಇರಲಿಲ್ಲ, ಗಾಳಿ ಮಾತ್ರ. ಮರುದಿನ ಬೆಳಿಗ್ಗೆ ಸ್ವಲ್ಪ ದನಿ ಬಂತು. ಒಡೆದ ಪೀಪಿಯ ಹಾಗೆ ಇತ್ತು. ಇಂಜೆಕ್ಷನ್ ತಟ್ಟೆ ಹಿಡಿದು ಹೋದ ನನಗೆ ಆ ದನಿಯಲ್ಲಿ ಆಕೆ ಹೇಳಿದ್ದು, ‘ಹೋಗು ನೀ’.

ತಾಯಿ ನನ್ನ ಮುಖ ನೋಡಿ, ಊರಿಗೆ ಫೋನು ಹಚ್ಚಲೇ ಎಂದು ಕೇಳಿದಳು. ಐಸಿಯುವಿನಲ್ಲಿ ಯಾರೂ ಫೋನಿನ ಸ್ಪೀಕರ್ ಹಾಕಬಾರದೆಂದು ನಿಯಮ ಮಾಡಿದವಳೇ ನಾನು. ಹಾಕಿ ಎಂದೆ.

ಅತ್ತ ಕಡೆಯಿಂದ ಅದೇ ಮೆಲ್ಲನೆಯ ದನಿ, ಉಂಡಿಯೇನವಾ ಎಂದು. ತಾಯಿ ಉತ್ತರ ಕೊಡದೆ ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದು, ಅಜ್ಜಿ ಜೊತೆ ಮಾತಾಡು ಎಂದಳು. ಮಗು ತುಟಿ ಬಿಗಿದುಕೊಂಡಿತು. ಇನ್ನೊಮ್ಮೆ ಹೇಳಿದರೆ ಮುಖ ತಿರುಗಿಸಿಕೊಂಡಿತು. ಆಮೇಲೆ ಆಸ್ಪತ್ರೆ, ನಾವು, ಸೂಜಿ, ಎಲ್ಲದರ ಸಿಟ್ಟು ಒಟ್ಟಿಗೆ ಬಂದು ಆ ಒಡಕು ದನಿಯಲ್ಲೇ ಅಳಲು ಶುರುಮಾಡಿತು. ಅಮ್ಮ ತನ್ನನ್ನು ಎತ್ತಿಕೊಳ್ಳುತ್ತಿಲ್ಲವೆಂದು ಅಜ್ಜಿಗೆ ದೂರು ಹೇಳಿತು. ಮನೆಗೆ ಹೋಗಬೇಕು ಎಂದಿತು.

ಅತ್ತ ಕಡೆ ಸದ್ದೇ ಇಲ್ಲ. ಫೋನು ಕಡಿದುಹೋಯಿತೇನೋ ಎಂದು ತಾಯಿ ಪರದೆ ನೋಡಿದಳು. ಕಡಿದಿರಲಿಲ್ಲ.

‘ಖರೇನ ಐತೇನವಾ?’ ಎಂದಳು ಮುದುಕಿ. ಬಹಳ ಸಣ್ಣ ದನಿಯಲ್ಲಿ.

‘ನಾ ಹೇಳ್ಲಿಲ್ಲೇನಬೇ, ಐತಂತ?’ ಎಂದಳು ಮಗಳು.

ಆಗ ಆ ಮುದುಕಿ ಅತ್ತಳು. ಸತ್ತವರ ಮುಂದೆ ಕೂತು ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ, ಮಗುವನ್ನು ಹೆಸರು ಹಿಡಿದು ಕರೆಯುತ್ತಾ, ಎದೆ ಬಡಿದುಕೊಳ್ಳುವ ಸದ್ದು ನಮಗೆ ಕೇಳಿಸುವಷ್ಟು. ಸ್ಪೀಕರಿನಿಂದ ಅದು ಇಡೀ ಐಸಿಯುವಿಗೆ ಕೇಳಿಸಿತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮಗು ಕೂಡ ಅಳು ನಿಲ್ಲಿಸಿ ಫೋನನ್ನೇ ನೋಡತೊಡಗಿತು. ನನ್ನ ಕಣ್ಣು ತುಂಬಿತು, ಹುಡುಗಿಯರು ನೋಡಿದರೆ ನೋಡಲಿ ಎಂದು ಹಾಗೇ ನಿಂತೆ. ಆದರೂ ಅಭ್ಯಾಸಬಲ ನೋಡಿ, ಬೇರೆ ಮಕ್ಕಳು ಮಲಗಿದ್ದಾರೆ, ಸ್ವಲ್ಪ ಸಣ್ಣ ಮಾಡಿ ಎಂದು ಸನ್ನೆ ಮಾಡಲು ನನ್ನ ಕೈ ಮೇಲೆದ್ದಿತು.

ತಾಯಿ ಅದನ್ನು ನೋಡಿ ಬೇಡವೆಂದು ತಲೆಯಲ್ಲಾಡಿಸಿದಳು.

‘ಇರ್ಲಿ ಬಿಡ್ರಿ ಸಿಸ್ಟರ್ರ’ ಎಂದಳು. ‘ಕೂಸು ಹೋತು ಅಂದಾಗಿಂದ ನಮ್ಮವ್ವ ಒಂದು ಹನಿ ಕಣ್ಣೀರು ಹಾಕಿದ್ದಿಲ್ಲ. ತಾ ಅತ್ರ ನನ್ನ ತಲಿ ಇನ್ನಷ್ಟು ಕೆಟ್ಟೀತು ಅಂತ ಹಿಡ್ಕೊಂಡು ಕುಂತಿದ್ಲು. ಈಗ ಅಳ್ಲಿ.’